ಹಂಡೆ ಒಲೆ ಹೋದ ಮೇಲೆ: ಮಲೆನಾಡಿನ ಹಳೆ ಮನೆಯ ದುರಸ್ತಿ ಮತ್ತು ಕರೆಂಟ್ ಬಿಲ್

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮನೆ ದುರಸ್ತಿಗೆ ಸಿಗುವುದು ಕಾಫಿ ಕೊಯ್ಲು ಮುಗಿದಲ್ಲಿಂದ ಮುಂಗಾರು ಇಳಿಯುವವರೆಗಿನ ಎರಡು ಮೂರು ತಿಂಗಳು ಮಾತ್ರ. ಹಿಂದೆ ಆ ಅವಧಿಯಲ್ಲಿ ಹೆಂಚು ಕೈಯಾಡಿಸಿ, ಗೋಡೆಗೆ ಸುಣ್ಣ ಬಳಿದು, ಸೌದೆ ಕೊಟ್ಟಿಗೆ ತುಂಬಿಸಿದರೆ ಮನೆ ಮಳೆಗಾಲಕ್ಕೆ ಸಿದ್ಧ. ಈಗಿನ ಪಟ್ಟಿ ಬೇರೆ: ಬಚ್ಚಲಿಗೆ ಗೀಸರ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಹೆಂಚಿನ ಕೆಳಗೆ ಪಿವಿಸಿ ಸೀಲಿಂಗ್, ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ, ಎಲ್ಲಕ್ಕೂ ಮೇಲೆ ಸೋಲಾರ್. ಬೆಂಗಳೂರಿನಿಂದ ಮಕ್ಕಳು ಬರುತ್ತಾರೆಂದೋ, ಹೋಮ್‌ಸ್ಟೇ ಮಾಡೋಣವೆಂದೋ, ವಯಸ್ಸಾದವರಿಗೆ ಅನುಕೂಲವಾಗಲೆಂದೋ ಜನ ಈ ಕೆಲಸಕ್ಕೆ ಕೈಹಾಕುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬಣ್ಣ ಹಪ್ಪಳಿಕೆಯಾಗಿ ಏಳುತ್ತದೆ, ಹೆಂಚು ಹೊರುವ ಇಳಿಜಾರು ಮರಗಳಾದ ಪಕಾಸಿಗಳಿಂದ ಹುಡಿ ಉದುರುತ್ತದೆ, ಶೂನ್ಯ ಬರುತ್ತಿದ್ದ ಕರೆಂಟ್ ಬಿಲ್ಲಿನಲ್ಲಿ ಅಂಕಿ ಕಾಣಿಸಿಕೊಳ್ಳುತ್ತದೆ.

ಈ ಮೂರೂ ಬೇರೆ ಬೇರೆ ತೊಂದರೆಗಳೆಂದು ಮೇಸ್ತ್ರಿ, ಬಡಗಿ, ಎಲೆಕ್ಟ್ರಿಷಿಯನ್ ಮೂವರನ್ನೂ ಬೇರೆ ಬೇರೆಯಾಗಿ ಕರೆಸುತ್ತೇವೆ. ಆದರೆ ಇವುಗಳ ಬೇರು ಹಲವು ಸಲ ಒಂದೇ ಆಗಿರುತ್ತದೆ. ಹಳೆ ಮನೆಯಿಂದ ಏನನ್ನಾದರೂ ತೆಗೆಯುವ ಮುನ್ನ ಅದು ಅಲ್ಲಿ ಏನೇನು ಕೆಲಸ ಮಾಡುತ್ತಿತ್ತು ಎಂಬುದನ್ನು ತಿಳಿದುಕೊಳ್ಳಬೇಕು. ಮೊದಲು ಬಿಲ್ಲಿನ ಲೆಕ್ಕವನ್ನೇ ನೋಡೋಣ.

ಯೂನಿಟ್ ಎಂದರೇನು, ಗೃಹಜ್ಯೋತಿಯ ಗೆರೆ ಎಲ್ಲಿದೆ

1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. 100 ವ್ಯಾಟ್‌ನದು ಹತ್ತು ಗಂಟೆ ಓಡಿದರೂ ಅಷ್ಟೇ. ಉಪಕರಣದ ಮೇಲೆ ಬರೆದಿರುವ ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯಾರು ಬೇಕಾದರೂ ಮನೆಯ ಲೆಕ್ಕ ಹಾಕಬಹುದು.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ತಿಂಗಳಿಗೆ 200 ಯೂನಿಟ್ ಉಚಿತ ಎನ್ನುವುದು ಜನರ ಬಾಯಲ್ಲಿರುವ ಮಾತು. ನಿಯಮ ಅಷ್ಟು ಸರಳವಲ್ಲ. 2022-23ರಲ್ಲಿ ಆ ಮನೆಯ ಮಾಸಿಕ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ಆ ಮನೆಯ ಉಚಿತ ಪಾಲು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡುವ ತೀರ್ಮಾನ 2024ರಲ್ಲಿ ಆಯಿತು. ಪಾಲು ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಚಿಕ್ಕಮಗಳೂರು ಮೆಸ್ಕಾಂ ವಿದ್ಯುತ್ ಕಂಪನಿಯ ವ್ಯಾಪ್ತಿಗೆ, ಹಾಸನ ಸೆಸ್ಕ್ ಕಂಪನಿಯ ವ್ಯಾಪ್ತಿಗೆ ಬರುತ್ತದೆ, ಆದರೆ ಈ ನಿಯಮ ಎರಡೂ ಕಡೆ ಒಂದೇ. ಯೋಜನೆ ಇರುವುದು ಗೃಹಬಳಕೆಗೆ ಮಾತ್ರ ಎನ್ನುವುದನ್ನು ಹೋಮ್‌ಸ್ಟೇ ಲೆಕ್ಕಾಚಾರದಲ್ಲಿರುವವರು ಮರೆಯಬಾರದು.

ಒಂದು ಮನೆಯ ಸರಾಸರಿ 70 ಯೂನಿಟ್ ಇತ್ತು ಎಂದುಕೊಳ್ಳಿ. ಉಚಿತ ಪಾಲು 77. ಆಗ ಬಚ್ಚಲಲ್ಲಿ ಹಂಡೆ ಒಲೆ ಇತ್ತು, ಬಿಸಿನೀರಿಗೆ ಕರೆಂಟ್ ಖರ್ಚೇ ಇರಲಿಲ್ಲ. ಈಗ ಒಲೆ ಕಿತ್ತು ಗೀಸರ್ ಕೂರಿಸಿದರೆ ಏನಾಗುತ್ತದೆ? ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 1.16 ವ್ಯಾಟ್-ಗಂಟೆ ಬೇಕು. ನಾಲ್ಕು ಜನರಿಗೆ ದಿನಕ್ಕೆ 80 ಲೀಟರ್ ನೀರನ್ನು 20 ಡಿಗ್ರಿಯಿಂದ 42ಕ್ಕೆ ಏರಿಸಲು ಸುಮಾರು 2 ಯೂನಿಟ್, ತಿಂಗಳಿಗೆ 60. ಟ್ಯಾಂಕಿನಲ್ಲಿ ನೀರು ತಣಿದು ಪೋಲಾಗುವುದು ಬೇರೆ. 70 ಇದ್ದ ಬಳಕೆ 130ಕ್ಕೆ ಏರುತ್ತದೆ, ಪಾಲು ಮಾತ್ರ 77ರಲ್ಲೇ ನಿಲ್ಲುತ್ತದೆ. ಅಂದರೆ ಹಳೆ ಬಲ್ಬು ಬದಲಿಸಿ ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚನ್ನು ಬಚ್ಚಲೊಂದೇ ನುಂಗಿಬಿಡುತ್ತದೆ.

ಹೊಗೆ ಮಾಡುತ್ತಿದ್ದ ಕೆಲಸ

ಬಿಸಿನೀರು ಕೊಡುವುದು, ಅನ್ನ ಬೇಯಿಸುವುದು ಒಲೆಯ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಚಾವಣಿಯಲ್ಲಿ ನಡೆಯುತ್ತಿತ್ತು. ಹೆಂಚಿನ ಮನೆಗೆ ಪ್ರತ್ಯೇಕ ಚಿಮಣಿ ಇರಲಿಲ್ಲ. ಬೆಚ್ಚಗಿನ ಹೊಗೆ ಅಟ್ಟದ ಸಂದಿನಿಂದ ಮೇಲೇರಿ, ಪಕಾಸಿ ರೀಪುಗಳನ್ನು ಸವರಿ, ಹೆಂಚುಗಳ ನಡುವಿನ ಎಡೆಯಿಂದ ಹೊರಬೀಳುತ್ತಿತ್ತು. ತಿಂಗಳುಗಟ್ಟಲೆ ಬಿಸಿಲು ಕಾಣದ ಮಳೆಗಾಲದಲ್ಲಿ ಮರವನ್ನು ಒಣಗಿಸುತ್ತಿದ್ದುದು ಈ ಬಿಸಿ. ಮರಕ್ಕೆ ಹತ್ತಿದ ಮಸಿಯ ಪದರದಿಂದಾಗಿ ಕುಟ್ಟೆ ಹುಳು ಸುಲಭವಾಗಿ ಸೇರುತ್ತಿರಲಿಲ್ಲ. ಅಡಿಗೆಮನೆಯ ಇಲ್ಲಣ ಹಿಡಿದ ತೊಲೆ ತಲೆಮಾರು ಕಳೆದರೂ ಗಟ್ಟಿಯಾಗಿದ್ದು, ಅದೇ ವಯಸ್ಸಿನ ಪಡಸಾಲೆಯ ತೊಲೆ ತೂತುಬಿದ್ದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು.

ಹಾಗೆಂದು ಹೊಗೆಯನ್ನು ಮತ್ತೆ ಕರೆತರಬೇಕಿಲ್ಲ. ಆ ಹೊಗೆಯಲ್ಲಿ ದಶಕಗಟ್ಟಲೆ ಊದಿದ ಹೆಂಗಸರ ಕಣ್ಣು, ಶ್ವಾಸಕೋಶ ಅದರ ಬೆಲೆ ತೆತ್ತಿವೆ. ಆದರೆ ಒಲೆ ಹೋದ ಮೇಲೆ ಅದರ ಎರಡು ಕೆಲಸ, ಅಂದರೆ ಒಣಗಿಸುವುದು ಮತ್ತು ಹುಳು ತಡೆಯುವುದು, ಬೇರೆ ಯಾರಾದರೂ ಮಾಡಲೇಬೇಕು. ಒಣಗಿಸಲು ಗಾಳಿ ಇದೆ: ಸೂರಿನ ಬಳಿ ಒಳಬಂದು ಮಾಡಿನ, ಅಂದರೆ ಇಳಿಜಾರು ಚಾವಣಿಯ, ತುದಿಯಲ್ಲಿ ಹೊರಹೋಗುವ ದಾರಿ ತೆರೆದಿದ್ದರೆ ಗಾಳಿ ತಾನಾಗಿ ಆಡುತ್ತದೆ, ಏಕೆಂದರೆ ಬೆಚ್ಚಗಿನ ಗಾಳಿ ಮೇಲೇರುತ್ತದೆ. ಹುಳುವಿಗೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಬಹುಕಾಲದಿಂದ ಬಳಸುವ ಗೇರುಬೀಜದ ಸಿಪ್ಪೆಯ ಎಣ್ಣೆ ಇದೆ. ಅದು ಚರ್ಮ ಸುಡುವ ಎಣ್ಣೆ, ಕೈಗವಸು ಬೇಕು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚುವ ಕ್ರಮವೂ ಇದೆ; ಅದು ನೀರಿಗೆ ತೊಳೆದುಹೋಗುವುದರಿಂದ ಸೋರದ ಜಾಗಕ್ಕೆ ಮಾತ್ರ ಸರಿ.

ಮಾಡು: ಮೊದಲ ಖರ್ಚು ಇಲ್ಲಿಗೇ

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ನಮ್ಮ ಕಡೆ ಬಂತು. ಅದಕ್ಕೂ ಮುಂಚೆ ಹುಲ್ಲು, ಇಲ್ಲವೇ ಕುಂಬಾರರು ಮಾಡಿದ ನಾಡ ಹೆಂಚು. ಮಂಗಳೂರು ಹೆಂಚಿನ ಜಾಣತನ ಅದರ ಅಂಚಿನ ಗಾಡಿಯಲ್ಲಿ, ಅಂದರೆ ಉದ್ದನೆಯ ತೋಡಿನಲ್ಲಿ, ಇದೆ. ಒಂದರ ಅಂಚು ಇನ್ನೊಂದರ ಮೇಲೆ ಕೂತು, ಒಳನುಗ್ಗಿದ ನೀರನ್ನು ಕೆಳಗಿನ ಹೆಂಚಿನ ಬೆನ್ನಿಗೆ ಸಾಗಿಸುತ್ತದೆ. ಗಾಡಿಯಲ್ಲಿ ಪಾಚಿ, ಒಣಗಿದ ಎಲೆ ತುಂಬಿದರೆ ನೀರು ಹಿಂದಕ್ಕೆ ತಿರುಗಿ ಒಳಗೆ ತೊಟ್ಟಿಕ್ಕುತ್ತದೆ. ಹೆಂಚು ಒಡೆಯದೆಯೂ ಮನೆ ಸೋರುವುದು ಹೀಗೆ. ಕೈಯಾಡಿಸುವುದೆಂದರೆ ಒಡೆದದ್ದನ್ನು ಬದಲಿಸುವುದಷ್ಟೇ ಅಲ್ಲ, ಪ್ರತಿ ಹೆಂಚನ್ನೂ ತೆಗೆದು ಉಜ್ಜಿ ಕೂರಿಸುವುದು. ಈ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಮಂಗಗಳು ಕಡಿಮೆಯಾಗಿಲ್ಲ. ಮೇಸ್ತ್ರಿ ಜೋಡಿಸಿ ಇಳಿಯುವುದಕ್ಕೂ ಮಂಗಗಳು ಮಾಡಿನ ಮೇಲೆ ಓಡುವುದಕ್ಕೂ ಸರಿಹೋಗುತ್ತದೆ.

ಇದರಿಂದ ಬೇಸತ್ತೇ ಜನ ಕಬ್ಬಿಣದ ಶೀಟಿನ ಮೊರೆ ಹೋಗಿರುವುದು. ಇಲ್ಲಿ ಎರಡು ದಾರಿಗಳಿವೆ, ಅವುಗಳ ನಡುವೆ ಅಜಗಜಾಂತರ ವ್ಯತ್ಯಾಸವಿದೆ. ಹೆಂಚು ಇಳಿಸಿ ಶೀಟ್ ಹಾಕಿದರೆ ಏಪ್ರಿಲ್‌ನಲ್ಲಿ ಕೋಣೆ ಕಾಯುತ್ತದೆ, ಜುಲೈನಲ್ಲಿ ಮಳೆಯ ಸದ್ದಿಗೆ ಎದುರು ಕೂತವರ ಮಾತು ಕೇಳಿಸದು, ಚಳಿಗಾಲದ ಬೆಳಗ್ಗೆ ಒಳಗಿನ ಆವಿ ತಣ್ಣನೆ ಶೀಟಿಗೆ ತಾಗಿ ಹನಿಯಾಗಿ ಉದುರುತ್ತದೆ. ಹೆಂಚನ್ನು ಹಾಗೆಯೇ ಉಳಿಸಿ, ಅದರ ಮೇಲೆ ಒಂದೆರಡು ಅಡಿ ಎಡೆ ಬಿಟ್ಟು, ಆ ಎಡೆಯ ಎರಡೂ ತುದಿ ತೆರೆದಿಟ್ಟು ಶೀಟ್ ಹೊದಿಸಿದರೆ ಈ ಮೂರೂ ತೊಂದರೆಗಳು ಬಹುಪಾಲು ತಪ್ಪುತ್ತವೆ: ಬಿಸಿಲ ಕಾವನ್ನು ನಡುವಿನ ಗಾಳಿ ಹೊತ್ತೊಯ್ಯುತ್ತದೆ. ಆದರೆ ಶೀಟಿನ ಕಂಬಗಳು ನೆಲದಲ್ಲಿ ತಮ್ಮದೇ ಪಾಯದ ಮೇಲೆ ನಿಲ್ಲಬೇಕು. ಹಳೆ ಮಣ್ಣಿನ ಗೋಡೆಯ ಮೇಲೆ ಕೂರಿಸಿದರೆ ಬಿರುಗಾಳಿಯ ಎಳೆತ ಪೂರ್ತಿ ಗೋಡೆಗೆ ಬೀಳುತ್ತದೆ. ನೋಡಲು ಚೆಂದವಿಲ್ಲ ಎನ್ನುವ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಸೋರುವ ಮನೆಯ ಚೆಂದವೂ ಬಹಳ ದಿನ ಉಳಿಯುವುದಿಲ್ಲ.

ಪಿವಿಸಿ ಸೀಲಿಂಗ್ ಬಗ್ಗೆ ಮಾತ್ರ ಎಚ್ಚರ ಬೇಕು. ಹೆಂಚಿನ ಕೆಳಗೆ ಗಾಳಿಯಾಡದಂತೆ ಹಲಗೆ ಬಡಿದರೆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಒದ್ದೆ ಮರ ಒಣಗುವುದಿಲ್ಲ, ಇಲಿ ಬಾವಲಿಗಳಿಗೆ ಮಹಡಿ ಮನೆ ಸಿಕ್ಕಿದಂತಾಗುತ್ತದೆ. ಸೀಲಿಂಗ್ ಬೇಕೇ ಬೇಕೆಂದರೆ ಮೊದಲು ಮಾಡು ಸೋರದಂತೆ ಮಾಡಿ, ಆಮೇಲೆ ಅಲ್ಲಲ್ಲಿ ತೆಗೆದು ನೋಡಬಹುದಾದ ಬಾಗಿಲು ಇಟ್ಟು, ಮೇಲಿನ ಗಾಳಿಯ ದಾರಿ ಮುಚ್ಚದೆ ಹಾಕಿಸಬೇಕು. ಹಳೆ ಬಂಗಲೆಗಳಲ್ಲಿ ಕಾಣುವ ಸೀಲಿಂಗ್ ಹೆಂಚು, ಅಂದರೆ ಮೇಲಿನ ಹೆಂಚಿನ ಕೆಳಗೆ ಇನ್ನೊಂದು ಸಪಾಟು ಹೆಂಚಿನ ಪದರ, ಇದಕ್ಕಿಂತ ಮೇಲು. ಎರಡರ ನಡುವೆ ನಿಂತ ಗಾಳಿ ಬಿಸಿಲನ್ನೂ ಚಳಿಯನ್ನೂ ತಡೆಯುತ್ತದೆ, ಪದರವೂ ಉಸಿರಾಡುತ್ತದೆ.

ಮರವನ್ನು ಪರೀಕ್ಷಿಸಲು ದೊಡ್ಡ ವಿದ್ಯೆ ಬೇಡ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಗಟ್ಟಿಯಿದ್ದರೆ ಒಳಹೋಗದು. ಪಕಾಸಿ ಕೊಳೆಯುವುದು ಹೆಚ್ಚಾಗಿ ಗೋಡೆಯ ಮೇಲೆ ಕೂರುವ ತುದಿಯಲ್ಲಿ. ಆ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸುವ ಬಡಗಿ ಸಿಕ್ಕರೆ ಇಡೀ ಮಾಡು ಬದಲಿಸುವ ಅಗತ್ಯ ಬೀಳುವುದಿಲ್ಲ. ಹೆಂಚು ಇಳಿಸಿದಾಗಲೇ ಕತ್ತಲ ಕೋಣೆಗಳ ಮೇಲೆ ಒಂದೆರಡು ಗಾಜಿನ ಹೆಂಚು ಕೂರಿಸಿದರೆ ಹಗಲಿನ ಬಲ್ಬು ಆರಿಸಬಹುದು. ಇದಕ್ಕಿಂತ ಅಗ್ಗದ ಉಳಿತಾಯ ಇನ್ನೊಂದಿಲ್ಲ.

ಗೋಡೆಯ ಕೆಳಗಿನ ಮೂರಡಿ

ಮಣ್ಣಿನ ಗೋಡೆ, ಹಸಿ ಇಟ್ಟಿಗೆ, ಕೊಪ್ಪ ಶೃಂಗೇರಿ ಕಡೆಯ ಜಂಬಿಟ್ಟಿಗೆ, ಇವೆಲ್ಲವುಗಳಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಹೀರಿ ಮೇಲೇರಿಸುವ ಹಾಗೆ ಈ ಗೋಡೆಗಳು ನೆಲದ ನೀರನ್ನು ಮೇಲಕ್ಕೆ ಎಳೆಯುತ್ತವೆ. ಹಳೆಯ ಗೋಡೆಗೆ ಮಣ್ಣು ಸುಣ್ಣದ ಗಾರೆ ಇದ್ದಾಗ ಹೀರಿದ ನೀರು ಗೋಡೆಯ ಮುಖದಿಂದ ಆವಿಯಾಗಿ ಹೋಗುತ್ತಿತ್ತು. ಬಣ್ಣ ಸ್ವಲ್ಪ ಉದುರುತ್ತಿತ್ತು, ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಆಯಿತು. ಸಿಮೆಂಟ್ ಗಾರೆ ಆವಿಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ; ಮೇಲೆ ಎಮಲ್ಷನ್ ಬಣ್ಣ ಬಳಿದರೆ ದಾರಿ ಇನ್ನೂ ಕಿರಿದು. ನೀರು ಗಾರೆಯ ಹಿಂದೆಯೇ ಸಿಕ್ಕಿಕೊಂಡು ಇನ್ನೂ ಎತ್ತರಕ್ಕೆ ಏರುತ್ತದೆ, ಒಳಗಿನ ಮಣ್ಣನ್ನು ಮೆತ್ತಗಾಗಿಸುತ್ತದೆ, ಒಂದು ದಿನ ಗಾರೆ ಹಾಳೆಯಾಗಿ ಕಳಚುತ್ತದೆ. ಆಗ ಇನ್ನೂ ದಪ್ಪ ಸಿಮೆಂಟ್ ಬಳಿಸುತ್ತೇವೆ. ಹೀಗೆ ಇದು ಮುಗಿಯುವುದೇ ಇಲ್ಲ.

ಕಾವಿ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿದಾಗಲೂ ಇದೇ ಕತೆ. ನೆಲದಿಂದ ಅಷ್ಟಿಷ್ಟು ಹೊರಹೋಗುತ್ತಿದ್ದ ತೇವ ಟೈಲ್ಸ್ ಅಡಿಯಲ್ಲಿ ಸರಿದು ಗೋಡೆಗಳ ಬುಡ ಸೇರುತ್ತದೆ.

ತೇವ ಗೋಡೆಯದೋ ಗಾಳಿಯದೋ ಎಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮುಖದಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮುಖದಲ್ಲಿ ಕಂಡರೆ ಕೋಣೆಯ ಗಾಳಿಯಲ್ಲಿನ ಆವಿ ತಣ್ಣನೆ ಮೈಗೆ ತಾಗಿ ನೀರಾಗುತ್ತಿದೆ. ಅದಕ್ಕೆ ಗಾರೆಯಲ್ಲ, ಗಾಳಿ ಮದ್ದು. ಮುಚ್ಚಿದ ಕೋಣೆಯಲ್ಲಿ ಬಟ್ಟೆ ಒಣಹಾಕುವ ಮಳೆಗಾಲದ ಅಭ್ಯಾಸ ಇಲ್ಲಿ ದೊಡ್ಡ ಅಪರಾಧಿ.

ಗೋಡೆಯಿಂದಲೇ ಬರುತ್ತಿದ್ದರೆ ಪರಿಹಾರ ಹೊರಗಿನಿಂದ ಆರಂಭವಾಗಬೇಕು. ವರ್ಷಗಳ ಮಣ್ಣು, ಜಲ್ಲಿ, ಈಚಿನ ಇಂಟರ್‌ಲಾಕ್ ಸೇರಿ ಅಂಗಳದ ಮಟ್ಟ ಏರಿ ಜಗಲಿಯ ಕಲ್ಲುಕಟ್ಟನ್ನು ಮುಚ್ಚಿರುತ್ತದೆ. ಕಲ್ಲಿನ ಬುಡ ಮತ್ತೆ ಕಾಣುವಂತೆ ಅಂಗಳ ತಗ್ಗಿಸಿ, ಮನೆಯಿಂದ ದೂರಕ್ಕೆ ಇಳಿಜಾರು ಕೊಟ್ಟು, ಸೂರಿನ ನೀರಿಗೆ ದೋಣಿ ಕಟ್ಟಿಸಿ ಚರಂಡಿಗೆ ಬಿಡಬೇಕು. ಆಮೇಲೆ ಗೋಡೆಯ ಕೆಳಭಾಗದ ಸಿಮೆಂಟ್ ಕೆತ್ತಿ, ಒಂದು ಬೇಸಿಗೆ ಬರಿಮೈಯಲ್ಲಿ ಒಣಗಲು ಬಿಟ್ಟು, ಸುಣ್ಣದ ಗಾರೆ ಹಾಕಿಸಬೇಕು. ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು. ಮೇ ತಿಂಗಳಲ್ಲಿ ಕೆತ್ತಿ ಜೂನ್‌ಗೆ ಬಣ್ಣ ಬಳಿಯುವ ಅವಸರವೇ ಹೆಚ್ಚಿನ ಕೆಲಸಗಳನ್ನು ಕೆಡಿಸುವುದು.

ಈ ಗೋಡೆಗಳನ್ನು ಉಳಿಸಿಕೊಳ್ಳುವುದರಲ್ಲಿ ವಿದ್ಯುತ್ ಲಾಭವೂ ಇದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಮಧ್ಯಾಹ್ನದ ಕಾವನ್ನು ನಿಧಾನವಾಗಿ ಹೀರಿ, ಒಳಗೆ ತಲುಪಿಸುವಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಂಪಾಗಿರುತ್ತದೆ. ಒದ್ದೆ ಗೋಡೆಗಿಂತ ಒಣ ಗೋಡೆ ಕೋಣೆಯನ್ನು ಬೆಚ್ಚಗಿಡುತ್ತದೆ ಎನ್ನುವುದು ಡಿಸೆಂಬರ್‌ನಲ್ಲಿ ಗೊತ್ತಾಗುತ್ತದೆ.

ಕಡೂರು, ಅರಸೀಕೆರೆಯವರಿಗೆ ಇದು ಬೇರೆ

ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳ ಪಶ್ಚಿಮದಲ್ಲಿ ಮಳೆಯ ಚಿಂತೆ, ಪೂರ್ವದಲ್ಲಿ ಬಿಸಿಲಿನದು. ಕಡೂರು, ಅರಸೀಕೆರೆ ಕಡೆಯ ತಾರಸಿ ಮನೆಗಳಲ್ಲಿ ಕಾವು ಇಳಿಯುವುದು ಮೇಲಿನಿಂದ. ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲು ಹಿಂದೂಡುವ ಬಿಳಿ ಲೇಪವನ್ನೋ ಬಳಿದರೆ ಒಳಗಿನ ಸೆಕೆ ಗಣನೀಯವಾಗಿ ತಗ್ಗುತ್ತದೆ. ಮಣ್ಣು ಮುಚ್ಚಿದ ಹಳೆಯ ಮಾಳಿಗೆ ಮನೆ ಇದ್ದವರು ಅದನ್ನು ಕೆಡವುವ ಮುಂಚೆ ಬೇಸಿಗೆಯ ಮಧ್ಯಾಹ್ನ ಅದರೊಳಗೂ ಪಕ್ಕದ ತಾರಸಿ ಮನೆಯೊಳಗೂ ಒಂದೊಂದು ಗಂಟೆ ಕೂತು ನೋಡುವುದು ಒಳ್ಳೆಯದು.

ಬಿಸಿನೀರಿಗೆ ಮೂರು ದಾರಿ

ತೋಟವಿದ್ದವರಿಗೆ ಕಸಿ ಮಾಡಿದ, ಅಂದರೆ ಸವರಿ ತೆಗೆದ, ರೆಂಬೆ, ನೆರಳು ಮರದ ಕೊಂಬೆ, ಅಡಿಕೆ ಸಿಪ್ಪೆ ಹೇಗೂ ಸಿಗುತ್ತವೆ. ಅವರು ಹಂಡೆಯನ್ನು ಕೀಳುವ ಬದಲು ಒಲೆಯನ್ನು ಸುಧಾರಿಸುವುದು ಜಾಣತನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಯ ತತ್ವ ಸರಳ: ಬೆಂಕಿಗೆ ಬೇಕಾದಷ್ಟೇ ಗಾಳಿ, ಪಾತ್ರೆಯ ಸುತ್ತ ಬಿಸಿ ಸುಳಿಯುವಷ್ಟು ಎಡೆ, ಹೊಗೆಗೆ ಚಿಮಣಿ. ಸೌದೆ ಕಡಿಮೆ ಸಾಕು, ಹೊಗೆ ಮನೆಯೊಳಗೆ ಉಳಿಯದು.

ಸೋಲಾರ್ ವಾಟರ್ ಹೀಟರ್ ನಾಲ್ಕು ಜನರ ಮನೆಗೆ 100 ಲೀಟರಿನದು ಸಾಮಾನ್ಯವಾಗಿ ಸಾಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬಿ ಕೂರುವಂತಿಲ್ಲ. ಆ ತಿಂಗಳುಗಳಿಗೆ ಹಂಡೆ ಇದ್ದರೆ ಜೋಡಿ ಚೆನ್ನಾಗಿ ಹೊಂದುತ್ತದೆ. ಟ್ಯಾಂಕಿನೊಳಗೆ ಕರೆಂಟ್ ಕಾಯಿಲ್ ಇದ್ದರೆ ಅದರ ಸ್ವಿಚ್ ಬೇಸಿಗೆಯಲ್ಲಿ ಆರಿದೆಯೇ ಎಂದು ನೋಡಿಕೊಳ್ಳಿ, ಇಲ್ಲವಾದರೆ ಸೋಲಾರ್ ನೀರೆಂದು ಕರೆಂಟ್ ನೀರಿನಲ್ಲೇ ಸ್ನಾನ ಮಾಡುತ್ತಿರುತ್ತೀರಿ. ಪೂರ್ವದ ತಾಲ್ಲೂಕುಗಳ ಬೋರ್‌ವೆಲ್ಲಿನ ಗಡಸು ನೀರು ಫ್ಲಾಟ್ ಪ್ಲೇಟ್ ಮಾದರಿಯ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ, ಕೊಳ್ಳುವಾಗ ಅದನ್ನು ವಿಚಾರಿಸಬೇಕು.

ಗೀಸರ್ ಅನಿವಾರ್ಯವಾದರೆ ಬಚ್ಚಲಿಗೆ ಹತ್ತಿರ ಕೂರಿಸಿ, ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಮುಗಿದ ಕೂಡಲೇ ಆರಿಸಿ. ಇನ್‌ಸ್ಟಂಟ್ ಗೀಸರ್ ಕರೆಂಟ್ ಅರ್ಧ ಉಳಿಸುತ್ತದೆ ಎನ್ನುವ ಅಂಗಡಿಯವರ ಮಾತು ಪೂರ್ತಿ ನಿಜವಲ್ಲ. ಅಷ್ಟೇ ನೀರಿಗೆ ಅಷ್ಟೇ ಬಿಸಿ ಬೇಕು. ಉಳಿಯುವುದು ಟ್ಯಾಂಕಿನಲ್ಲಿ ತಣಿದು ಹೋಗುವ ಪಾಲು ಮಾತ್ರ.

ವೈರಿಂಗ್

ಗೀಸರ್‌ಗೆ ಮುಂಚೆ ವೈರಿಂಗ್ ನೋಡಿ. ಮರದ ಪಟ್ಟಿಯೊಳಗಿನ ಹಳೆಯ ತಂತಿಗಳು ಬಲ್ಬು ರೇಡಿಯೊಗಳ ಕಾಲದವು. 2000 ವ್ಯಾಟ್‌ನ ಹೊರೆ ಹೊರುವಂಥವಲ್ಲ. ಒದ್ದೆ ಗೋಡೆ, ಸವೆದ ತಂತಿ, ಅರ್ತಿಂಗ್ ಇಲ್ಲದ ಪ್ಲಗ್ ಮೂರೂ ಸೇರಿದರೆ ಜೀವಕ್ಕೇ ಅಪಾಯ. ಹೊರೆ ಹೆಚ್ಚಾದಾಗ ಬೀಳುವ ಎಂಸಿಬಿ ಸ್ವಿಚ್ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್‌ಸಿಸಿಬಿ. ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತಿದ್ದರೆ ತೆಗೆಸಿಹಾಕಬೇಡಿ. ಎಲ್ಲೋ ಕರೆಂಟ್ ಸೋರುತ್ತಿದೆ ಎಂದು ಅದು ಹೇಳುತ್ತಿದೆ.

ಬಲ್ಬು, ಫ್ಯಾನು, ಫ್ರಿಜ್

60 ವ್ಯಾಟ್‌ನ ಹಳೆ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್, ಅದರ ಬದಲಿಗೆ ಬರುವ 9 ವ್ಯಾಟ್‌ನ ಎಲ್‌ಇಡಿ ಒಂದೂವರೆಗೂ ಕಡಿಮೆ. ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಫ್ಯಾನಿನ ವಿಷಯಕ್ಕೆ ಊರು ಮುಖ್ಯ. 75 ವ್ಯಾಟ್‌ನ ಹಳೆ ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, ಕಡಿಮೆ ಕರೆಂಟ್ ಸಾಕಾಗುವ ಮೋಟಾರಿನ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ 11. ಅರಸೀಕೆರೆಯಲ್ಲಿ ಈ ಬದಲಾವಣೆ ಬೇಗ ಹಣ ಮರಳಿಸುತ್ತದೆ. ಮಲೆನಾಡಿನ ಕೊಟ್ಟಿಗೆಹಾರದಲ್ಲಿ ವರ್ಷದ ಬಹುಪಾಲು ಫ್ಯಾನ್ ಹಾಕುವುದೇ ಇಲ್ಲ. ಆ ದುಡ್ಡು ಮಾಡಿಗೆ ಹೋಗಲಿ. ಫ್ರಿಜ್ ಮಾತ್ರ ಎಲ್ಲ ಊರಲ್ಲೂ ಇಪ್ಪತ್ತನಾಲ್ಕು ಗಂಟೆ ಓಡುವ ಉಪಕರಣ, ಆದ್ದರಿಂದ ಹೊಸದು ಕೊಳ್ಳುವಾಗ ನಕ್ಷತ್ರದ ಪಟ್ಟಿಯಲ್ಲಿ ಬರೆದಿರುವ ವಾರ್ಷಿಕ ಯೂನಿಟ್ ಓದಬೇಕು. ನಕ್ಷತ್ರಗಳ ಸಂಖ್ಯೆಗಿಂತ ಆ ಅಂಕಿ ಹೆಚ್ಚು ಹೇಳುತ್ತದೆ.

ಕೊನೆಗೆ ಸೋಲಾರ್ ಫಲಕ

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನ ಕೊಡುತ್ತದೆ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಗರಿಷ್ಠ 78,000. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು, ಬಿಸಿಲ ದಿನಗಳಲ್ಲಿ ಅದರಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಮನೆಗೆ ಬಳಸಿ ಉಳಿದದ್ದು ವಿದ್ಯುತ್ ಕಂಪನಿಯ ತಂತಿಗೆ ಹೋಗುತ್ತದೆ, ಎರಡೂ ದಿಕ್ಕಿನ ಲೆಕ್ಕವನ್ನು ಮೀಟರ್ ಇಡುತ್ತದೆ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಗೆ ಉಳಿಸಲು ಬಿಲ್ಲೇ ಇಲ್ಲ, ಅಂಥವರು ಅವಸರಪಡಬೇಕಿಲ್ಲ. ತಿಂಗಳಿಗೆ 200 ದಾಟುವವರು, ಹೋಮ್‌ಸ್ಟೇ ನಡೆಸುವವರು ಲೆಕ್ಕ ಹಾಕಬೇಕು. ಜಾಗದ ವಿಷಯದಲ್ಲಿ ಹೆಂಚಿನ ಮಾಡು ಅನುಕೂಲಕರವಲ್ಲ: ಹತ್ತಿದರೆ ಹೆಂಚು ಒಡೆಯುತ್ತದೆ, ಫಲಕದ ಕೊಕ್ಕೆಗಳು ಹೆಂಚನ್ನು ದಾಟಿ ಪಕಾಸಿಗೆ ಬಿಗಿಯಾಗಬೇಕು, ಪಕಾಸಿ ಗಟ್ಟಿಯಿರಬೇಕು. ಕೊಟ್ಟಿಗೆಯ ಶೀಟೋ ಕಾಫಿ ಕಣದ ಅಂಚೋ ವಾಸಿ. ಸಿಲ್ವರ್ ಓಕ್ ಅಥವಾ ಅಡಿಕೆ ಮರದ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಸಾಲಿನಲ್ಲಿ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆ ಕುಸಿಯಬಹುದು, ಆದ್ದರಿಂದ ಜಾಗ ಗೊತ್ತುಮಾಡುವ ಮುನ್ನ ಬೆಳಗ್ಗೆಯಿಂದ ಸಂಜೆಯವರೆಗೆ ನೆರಳು ಎಲ್ಲಿ ಬೀಳುತ್ತದೆಂದು ಗುರುತು ಹಾಕಿ ನೋಡಬೇಕು.

ಇನ್ನೊಂದು ಮಾತನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ. ಸಹಾಯಧನಕ್ಕೆ ಸಾಮಾನ್ಯವಾಗಿ ಹಾಕಿಸುವ, ಬ್ಯಾಟರಿ ಇಲ್ಲದ, ತಂತಿಗೆ ಜೋಡಿಸಿದ ವ್ಯವಸ್ಥೆ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮನ್ ಕಂಬ ಹತ್ತಿದಾಗ ನಿಮ್ಮ ಮನೆಯ ಕರೆಂಟ್ ಅವನಿಗೆ ಹೊಡೆಯಬಾರದೆಂದು ಮಾಡಿರುವ ಏರ್ಪಾಡು ಅದು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಬೆಳಕು ಬೇಕು ಎನ್ನುವುದೇ ನಿಮ್ಮ ಉದ್ದೇಶವಾಗಿದ್ದರೆ ಕೇಳಬೇಕಾದದ್ದು ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರನ್ನು. ಅದರ ಬೆಲೆ ಹೆಚ್ಚು, ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವ ಖರ್ಚೂ ಇದೆ. ನಾಲ್ಕು ಎಲ್‌ಇಡಿ ಬಲ್ಬು, ಒಂದು ಮೊಬೈಲ್ ಚಾರ್ಜರ್ ಅಷ್ಟೇ ಸಾಕಾದರೆ ಒಂದು ಸಣ್ಣ ಫಲಕ ಮತ್ತು ಒಂದು ಬ್ಯಾಟರಿಯ ಬೇರೆಯದೇ ಜೋಡಣೆ ಕಡಿಮೆ ದುಡ್ಡಿನಲ್ಲಿ ಆಗುತ್ತದೆ, ಅದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಡ.